ಮೀನಿನ ಜೊತೆ ಹೆಸರೂ ಲಾರಿ ಹತ್ತುತ್ತದೆ

(ಕೋಲಾರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಒಂದೆರಡು ಕಡೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಾಗಿಲಲ್ಲಿ ನಿಮ್ಮ ಕೈಗೆ ಒಂದೊಂದು ಹಾಳೆ ಕೊಟ್ಟಿದ್ದಾರೆ. ಅದರಲ್ಲಿ ಐದು ಮೀನಿನ ಚಿತ್ರ ಇದೆ. ಪ್ರತಿ ಚಿತ್ರದ ಪಕ್ಕ ನಿಮ್ಮ ಮನೆಯಲ್ಲಿ ಅದಕ್ಕೆ ಏನಂತಾರೋ ಅದನ್ನು ಬರೆಯಿರಿ. ಪುಸ್ತಕದ ಹೆಸರು ಬೇಡ. ನಿಮ್ಮ ಅಜ್ಜಿ ಏನನ್ನುತ್ತಿದ್ದರು, ಅಷ್ಟು ಸಾಕು. ಕನ್ನಡ, ತೆಲುಗು, ತಮಿಳು, ಉರ್ದು ಯಾವುದಾದರೂ ಸರಿ. ಹೋಗುವಾಗ ವಾಪಸ್ ಕೊಡಿ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವನು. ಹುಟ್ಟಿದ್ದು ಮುಳಬಾಗಿಲು ಕಡೆಯ ಹಳ್ಳಿಯಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸೋದರಮಾವನ ಮನೆ ಕೆಜಿಎಫ್‌ನಲ್ಲಿ ಇದ್ದದ್ದರಿಂದ ರಜಾ ಬಂದರೆ ತಮಿಳು. ಹೀಗಾಗಿ ಒಂದೇ ಮೀನಿಗೆ ಮೂರು ಹೆಸರು ಇರುತ್ತದೆ ಅನ್ನುವುದು ನನಗೆ ಪಾಠ ಓದಿ ಗೊತ್ತಾದದ್ದಲ್ಲ. ಅಪ್ಪ ಕೆರೆಯಿಂದ ತಂದರೆ ಅದು ಕೊರ್ರಮೀನು. ಪಕ್ಕದ ಮನೆಯವರಿಗೆ ಕೊರವ. ಅತ್ತೆ ಅದನ್ನೇ ವಿರಾಲು ಅಂದು ಹುಣಸೆ ಹುಳಿ ಹಾಕಿ ಕುದಿಸುತ್ತಿದ್ದರು. ತಟ್ಟೆಯಲ್ಲಿ ಮುದ್ದೆ ಪಕ್ಕ ಬಂದು ಬೀಳುವಾಗ ಎಲ್ಲಾ ಒಂದೇ.

ಆಗ ಅದರಿಂದ ತೊಂದರೆ ಏನೂ ಇರಲಿಲ್ಲ. ಯಾಕೆ ಅಂದರೆ ಮೀನು ಕಣ್ಣ ಮುಂದೆ ಇತ್ತು. ಯಾವ ಕೆರೆಯದು, ಯಾರ ಬಲೆಗೆ ಬಿದ್ದದ್ದು, ಎಲ್ಲಾ ಗೊತ್ತಿತ್ತು. ಇವತ್ತು ನಮ್ಮ ಊರಿಗೆ ಮೀನು ನಾಲ್ಕು ದಿಕ್ಕಿನಿಂದ ಬರುತ್ತದೆ. ಆಂಧ್ರದ ಕೊಳಗಳಿಂದ ಬರುತ್ತದೆ, ಚೆನ್ನೈನಿಂದ ಬರುತ್ತದೆ, ಮಂಗಳೂರಿನಿಂದ ಬರುತ್ತದೆ, ನಮ್ಮ ಕೆರೆಗಳಿಂದಲೂ ಬರುತ್ತದೆ. ಐಸ್ ಪೆಟ್ಟಿಗೆ ಜೊತೆ ಆ ಊರಿನ ಹೆಸರೂ ಲಾರಿ ಹತ್ತಿ ಬರುತ್ತದೆ. ಗೊಂದಲ ಹುಟ್ಟುವುದು ಇಲ್ಲೇ. ಹೆಸರು ಬರುತ್ತದೆ, ಅದು ಯಾವ ಊರಿನ ಹೆಸರು ಅನ್ನುವುದು ದಾರಿಯಲ್ಲೇ ಉಳಿದುಬಿಡುತ್ತದೆ.

ಹೋದ ಭಾನುವಾರ ಅಂಗಡಿ ಮುಂದೆ ನಿಂತಿದ್ದೆ. ಎರಡು ಟ್ರೇ. ಒಂದರ ಮೇಲೆ ರಟ್ಟಿನಲ್ಲಿ ‘ವಂಜರಂ’, ಇನ್ನೊಂದರ ಮೇಲೆ ‘ಅಂಜಲ್’. ನನ್ನ ಪಕ್ಕದಲ್ಲಿದ್ದ ಹೆಂಗಸು ಕೇಳಿದರು, “ಅಣ್ಣಾ, ಮಗೂಗೆ ಕೊಡೋಕೆ ಯಾವುದು ಒಳ್ಳೇದು, ಇದಾ ಅದಾ?” ಅಂಗಡಿಯ ಹುಡುಗ ಸುಳ್ಳು ಹೇಳಲಿಲ್ಲ. “ಎರಡೂ ಒಂದೇ ಅಕ್ಕಾ, ಇದು ಚೆನ್ನೈದು, ಅದು ಮಂಗಳೂರುದು” ಅಂದ. ಆಕೆಗೆ ನಂಬಿಕೆ ಬರಲಿಲ್ಲ. ಹೆಸರು ಬೇರೆ, ರೇಟು ಬೇರೆ, ಮೀನು ಒಂದೇ ಹೇಗೆ ಆಗುತ್ತದೆ? ಆದರೆ ಹುಡುಗ ಹೇಳಿದ್ದೇ ಸರಿ. ತಮಿಳು, ತೆಲುಗಿನ ವಂಜರಂ, ಕರಾವಳಿಯ ಅಂಜಲ್, ಮುಂಬೈಯ ಸುರಮಯಿ, ಕೇರಳದ ನೆಯ್‌ಮೀನ್, ಹೋಟೆಲ್ ಮೆನುವಿನ ಸೀರ್ ಫಿಶ್, ಕಿಂಗ್ ಫಿಶ್ ಎಲ್ಲಾ ಒಂದೇ ಬಳಗದ ಮೀನು. ಇದೇ ‘ಕಿಂಗ್ ಫಿಶ್’ ಅನ್ನು ಆಸ್ಟ್ರೇಲಿಯಾದಲ್ಲಿ ಕೇಳಿದರೆ ಬೇರೆ ಜಾತಿಯ ಮೀನು ಕೊಡುತ್ತಾರೆ. ಅಲ್ಲಿ ಆ ಹೆಸರು ಹಳದಿ ಬಾಲದ ಇನ್ನೊಂದು ಮೀನಿಗೆ ಸೇರಿದ್ದು.

ಒಂದು ಮೀನಿಗೆ ಹತ್ತು ಹೆಸರು ಇದ್ದರೆ ಅಷ್ಟೇನೂ ನಷ್ಟ ಇಲ್ಲ. ಹತ್ತು ಮೀನಿಗೆ ಒಂದು ಹೆಸರು ಆದಾಗ ಕಷ್ಟ. ಅದರ ಬಗ್ಗೆಯೇ ಇವತ್ತು ಜಾಸ್ತಿ ಮಾತಾಡುತ್ತೇನೆ.

ನನ್ನ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಮಗಳ ಮದುವೆ ಮಾತುಕತೆಗೆ ಉಡುಪಿ ಕಡೆಯ ನೆಂಟರು ಬರುವವರಿದ್ದರು. ಸಮುದ್ರದ ಮೀನು ತಿಂದು ಬೆಳೆದವರು. ಅವರಿಗೆ ಮಾಂಜಿ ಕೊಡಬೇಕು ಅಂತ ನನ್ನ ಹೆಂಡತಿಗೆ ಆಸೆ. ಮಾಂಜಿ ಅಂದರೆ ಪಾಂಫ್ರೆಟ್. ಒಂದು ಅಂಗಡಿಯಲ್ಲಿ ‘ಪಾಂಫ್ರೆಟ್’ ಅಂತ ಬೋರ್ಡ್ ಇತ್ತು. ತಟ್ಟೆಯ ಹಾಗೆ ಅಗಲ, ಬೆಳ್ಳಗೆ ಹೊಳಪು, ರೇಟೂ ಪರವಾಗಿಲ್ಲ. ತಂದೆ. ಮಸಾಲೆ ಸವರಿ ಕಾವಲಿಗೆ ಹಾಕಿ ಬಡಿಸಿದೆವು. ಬಂದವರಲ್ಲಿ ಹಿರಿಯರೊಬ್ಬರು ಒಂದು ತುತ್ತು ತಿಂದು ಸುಮ್ನೆ ನನ್ನ ಮುಖ ನೋಡಿದರು. ಆಮೇಲೆ ಬಹಳ ಮೆತ್ತಗೆ, “ಇದು ಮಾಂಜಿ ಅಲ್ಲ ಮಾಸ್ಟ್ರೇ, ಮುಳ್ಳು ನೋಡಿ” ಅಂದರು. ಮೀನಿನ ಪಾಠ ಮಾಡುವ ನನಗೆ ಆ ಹೊತ್ತಿನಲ್ಲಿ ಆದ ಸಂಕಟ ಇನ್ನೂ ಮರೆತಿಲ್ಲ. ಅವರ ಸಂಬಂಧ ಚೆನ್ನಾಗಿಯೇ ಕೂಡಿತು, ಅದು ಬೇರೆ ವಿಷಯ. ಆದರೆ ಮನೆಗೆ ಬಂದ ನೆಂಟರಿಗೆ ಒಂದು ಹೆಸರು ಹೇಳಿ ಇನ್ನೊಂದು ಬಡಿಸಿದ ಹಾಗಾಯಿತಲ್ಲ, ಆ ನೋವಿನಿಂದಲೇ ಈ ಹೆಸರುಗಳ ಬೆನ್ನು ಹತ್ತಿದೆ.

ನಾನು ತಂದದ್ದು ರೂಪ್‌ಚಂದ್. ಅದರ ಇನ್ನೊಂದು ಹೆಸರು ಪಾಕು. ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಸಿಹಿನೀರಿನ ಮೀನು, ಪಿರಾನ್ಹಾದ ಹತ್ತಿರದ ನೆಂಟ. ಪಿರಾನ್ಹಾ ಅಂದ ತಕ್ಷಣ ಹೆದರಬೇಡಿ. ಇದು ತನ್ನ ಊರಿನಲ್ಲಿ ಹೆಚ್ಚಾಗಿ ನೀರಿಗೆ ಬಿದ್ದ ಹಣ್ಣು, ಬೀಜ ತಿಂದು ಬದುಕುವಂಥದ್ದು. ಬಾಂಗ್ಲಾದೇಶದ ದಾರಿಯಲ್ಲಿ ನಮ್ಮ ದೇಶಕ್ಕೆ ಬಂತು. ಈಗ ಆಂಧ್ರದ ಕೊಳಗಳಲ್ಲಿ ಬೆಳೆಯುತ್ತಾರೆ. ಅದಕ್ಕೆ ಈ ಹೆಸರು ಬಂದದ್ದು ಹೇಗೆ ಅನ್ನುವುದೇ ಕುತೂಹಲದ ಸಂಗತಿ. ಬಂಗಾಳಿಯಲ್ಲಿ ರೂಪ್‌ಚಾಂದಾ ಅಂದರೆ ನಿಜವಾದ ಸಮುದ್ರದ ಪಾಂಫ್ರೆಟ್. ಬೆಳ್ಳಿ ಚಂದ್ರನ ಹಾಗೆ ಇದೆ ಅಂತ ಆ ಮುದ್ದಾದ ಹೆಸರು. ಪಾಕು ಅಲ್ಲಿಗೆ ಬಂದಾಗ ಅದೇ ಹೆಸರನ್ನು ಹೊದ್ದುಕೊಂಡಿತು. ನಮ್ಮಲ್ಲಿಗೆ ಬರುವ ಹೊತ್ತಿಗೆ ಹೆಸರು ಉಳಿಯಿತು, ಆ ಹೆಸರಿನ ಮೂಲ ಒಡೆಯ ಯಾರು ಅನ್ನುವುದು ಮರೆತುಹೋಯಿತು.

ಇಲ್ಲಿ ಮೇಜಿನ ಮೇಲೆ ಎರಡೂ ಇವೆ. ಹತ್ತಿರ ಬಂದು ನೋಡಿ. ಬೆನ್ನ ಮೇಲೆ ಉದ್ದ ರೆಕ್ಕೆ ಮುಗಿದ ಮೇಲೆ, ಬಾಲಕ್ಕೆ ಸ್ವಲ್ಪ ಮುಂಚೆ, ಇದರಲ್ಲಿ ಬೆರಳ ತುದಿಯಷ್ಟು ಒಂದು ಪುಟ್ಟ ಮೆತ್ತನೆ ರೆಕ್ಕೆ ಇದೆ. ಕಾಣಿಸ್ತಾ? ಇದು ರೂಪ್‌ಚಂದ್. ಪಾಂಫ್ರೆಟ್‌ಗೆ ಅದು ಇಲ್ಲ. ಈಗ ಹೊಟ್ಟೆ ಕಡೆ ತಿರುಗಿಸಿ. ರೂಪ್‌ಚಂದ್‌ಗೆ ಹೊಟ್ಟೆ ಕೆಳಗೆ ಒಂದು ಜೋಡಿ ರೆಕ್ಕೆ. ಬೆಳ್ಳಿ ಪಾಂಫ್ರೆಟ್‌ಗೆ ಆ ಜಾಗ ನುಣ್ಣಗೆ ಇರುತ್ತದೆ, ಜೋಡಿ ರೆಕ್ಕೆಯೇ ಇಲ್ಲ. ಇನ್ನೂ ಅನುಮಾನ ಇದ್ದರೆ ತುಟಿ ಎತ್ತಿ. ಪಾಂಫ್ರೆಟ್ ಬಾಯಿ ಪುಟ್ಟದು. ರೂಪ್‌ಚಂದ್ ಬಾಯಲ್ಲಿ ನಮ್ಮ ದವಡೆ ಹಲ್ಲಿನಂಥ ಅಗಲ ಹಲ್ಲುಗಳ ಸಾಲು ಇದೆ. ಬೀಜ ಒಡೆಯಲು ಆದ ಹಲ್ಲು ಅದು. ಒಮ್ಮೆ ಬೆರಳಿಟ್ಟು ಮುಟ್ಟಿ ನೋಡಿದವರು ಜೀವಮಾನದಲ್ಲಿ ಮರೆಯುವುದಿಲ್ಲ.

ರೂಪ್‌ಚಂದ್ ಕೆಟ್ಟ ಮೀನು ಅಂತ ನಾನು ಹೇಳುತ್ತಿಲ್ಲ. ಕಡಿಮೆ ದುಡ್ಡಿಗೆ ಸಿಗುತ್ತದೆ, ತುಂಬಾ ಮನೆಗಳಲ್ಲಿ ಇಷ್ಟಪಟ್ಟು ತಿನ್ನುತ್ತಾರೆ. ಅದರ ಹೆಸರಿನಲ್ಲಿ, ಅದರ ರೇಟಿಗೆ ಮಾರಲಿ. ಅಷ್ಟೇ ನನ್ನ ಕೋರಿಕೆ.

ಇನ್ನೂ ಒಂದು ಮಾತು. ಸಮುದ್ರದಲ್ಲೇ ಪಾಂಫ್ರೆಟ್ ಹೆಸರಿನ ಬೇರೆ ಮೀನು ಇದೆ. ಕಪ್ಪು ಪಾಂಫ್ರೆಟ್ ಅನ್ನುವುದು ನಿಜಕ್ಕೂ ಬೆಳ್ಳಿ ಪಾಂಫ್ರೆಟ್ ಕುಟುಂಬದ್ದಲ್ಲ, ಪಾರೆ ಮೀನಿನ ಕುಟುಂಬದ್ದು. ಆದರೆ ಕರಾವಳಿಯವರು ಅದನ್ನು ಕಪ್ಪು ಮಾಂಜಿ ಅಂತ ಬಣ್ಣ ಸೇರಿಸಿಯೇ ಕರೆಯುತ್ತಾರೆ. ಆ ‘ಕಪ್ಪು’ ಅನ್ನುವ ಒಂದು ಪದ ಕೊಳ್ಳುವವರನ್ನು ಕಾಪಾಡುತ್ತದೆ. ಇಲ್ಲಿಗೆ ಬರುವಾಗ ಬೋರ್ಡ್ ಮೇಲೆ ಆ ಪದವೇ ಬಿಟ್ಟುಹೋಗುತ್ತದೆ.

ಈಗ ನಮ್ಮ ಕೆರೆಗೆ ಬರೋಣ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದದ್ದು ನಿಮಗೆಲ್ಲ ನೆನಪಿದೆ. ಆ ನೀರಿನ ಬಗ್ಗೆ ಬೇರೆ ಚರ್ಚೆ ಇದೆ, ಅದು ಇವತ್ತಿನ ವಿಷಯವಲ್ಲ. ವರ್ಷಗಟ್ಟಲೆ ಒಣಗಿದ್ದ ಕೆರೆಯಲ್ಲಿ ನೀರು ನಿಂತ ಮೇಲೆ ಮೀನು ಮರಿ ಬಿಟ್ಟರು, ಬಲೆ ಬಿತ್ತು, ಕೆರೆ ಕೋಡಿ ಹತ್ತಿರ ಮೀನಿನ ತಕ್ಕಡಿ ಬಂತು. ಅಲ್ಲಿ ಹೋಗಿ “ಏನು ಮೀನು?” ಅಂತ ಕೇಳಿದರೆ ಮೊದಲು ಬರುವ ಉತ್ತರ, “ಗೆಂಡೆ.”

ಯಾವ ಗೆಂಡೆ? ಗೆಂಡೆ ಅನ್ನುವುದು ಹಳೆಯ ಪದ. ತಮಿಳಿನಲ್ಲಿ ಕೆಂಡೈ, ತೆಲುಗಿನಲ್ಲಿ ಗಂಡೆ. ನಮ್ಮ ಹಳ್ಳ, ಕೆರೆಗಳಲ್ಲಿ ತಾನಾಗಿ ಹುಟ್ಟಿ ಬೆಳೆಯುತ್ತಿದ್ದ ಮೀನುಗಳಿಗೆ ನಮ್ಮ ಹಿರಿಯರು ಇಟ್ಟ ಹೆಸರು. ಆಮೇಲೆ ಹೊರಗಿನಿಂದ ಮೀನು ಬಂದವು. ಕಾಮನ್ ಕಾರ್ಪ್ 1939ರಲ್ಲಿ ನೀಲಗಿರಿಗೆ ಬಂತು, 1957ರಲ್ಲಿ ಬ್ಯಾಂಕಾಕ್‌ನಿಂದ ಇನ್ನೊಂದು ತಳಿ ಬಂತು. 1959ರಲ್ಲಿ ಸಿಲ್ವರ್ ಕಾರ್ಪ್, ಗ್ರಾಸ್ ಕಾರ್ಪ್ ಬಂದವು. ಇವುಗಳಿಗೆ ಕನ್ನಡದಲ್ಲಿ ಸಾಮಾನ್ಯ ಗೆಂಡೆ, ಬೆಳ್ಳಿ ಗೆಂಡೆ, ಹುಲ್ಲು ಗೆಂಡೆ ಅಂತ ಹೆಸರಿಟ್ಟರು. ಒಳ್ಳೆಯ ಹೆಸರುಗಳೇ. ಆದರೆ ಮಾರುವಾಗ ಮುಂದಿನ ಪದ ಯಾರೂ ಹೇಳುವುದಿಲ್ಲ. ಬರೀ ಗೆಂಡೆ. ಹೊರಗಿನಿಂದ ಬಂದ ಮೀನು ಊರಿನ ಮೀನಿನ ಹೆಸರಿನಲ್ಲಿ ಕೂತುಬಿಟ್ಟಿದೆ. ಊರಿನ ಗೆಂಡೆ ಕಡಿಮೆಯಾದರೂ ಯಾರಿಗೂ ಗೊತ್ತಾಗುವುದಿಲ್ಲ, ಯಾಕಂದರೆ ಮಾರ್ಕೆಟ್‌ನಲ್ಲಿ ಗೆಂಡೆ ದಿನಾ ಸಿಗುತ್ತಲೇ ಇದೆ ಅಲ್ವಾ? ನನ್ನನ್ನು ರಾತ್ರಿ ಎಚ್ಚರ ಇರಿಸುವ ವಿಷಯ ಇದು. ಒಂದು ಮೀನು ಕಾಣೆಯಾಗುವುದನ್ನು ಅದರ ಹೆಸರೇ ಮುಚ್ಚಿಡಬಲ್ಲದು.

ಕಾವೇರಿಯಲ್ಲಿ ಹೀಗೇ ಆಯಿತು. ಅಲ್ಲಿನ ಬಿಳಿಮೀನು, ಅಂದರೆ ಡುಬ್ಬದ ಮಹಶೀರ್, 50 ಕಿಲೋ ಮೀರಿ ಬೆಳೆಯುವ ಮೀನು. ಜಗತ್ತಿನ ಗಾಳದವರಿಗೆಲ್ಲ ಪರಿಚಯ. ಆದರೂ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ತೀರ್ಮಾನ ಆದದ್ದು 2018ರಲ್ಲಿ. ಅಲ್ಲಿಯವರೆಗೆ ಬೇರೆ ಮಹಶೀರ್‌ಗಳ ಲೆಕ್ಕದಲ್ಲಿ ಇದೂ ಸೇರಿಹೋಗುತ್ತಿತ್ತು. ಟಾರ್ ರೆಮಾದೇವಿಐ ಅಂತ ಹೆಸರು ಗಟ್ಟಿಯಾದ ವರ್ಷವೇ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಮೀನು ಅಂತ ಪಟ್ಟಿಗೆ ಸೇರಿತು. ಹೆಸರು ಗೊತ್ತಾಗುವ ತನಕ ಅಪಾಯವನ್ನು ಬರೆದಿಡಲೂ ಜಾಗ ಇರಲಿಲ್ಲ.

ಕೆರೆಯ ಇನ್ನು ಮೂರು ಮೀನು ಕಾಟ್ಲಾ, ರೋಹು, ಮೃಗಾಲ್. ಇವುಗಳ ಕಥೆ ನನಗೆ ತುಂಬಾ ಇಷ್ಟ, ಯಾಕಂದರೆ ಅದರಲ್ಲಿ ನಮ್ಮ ಊರಿನ ದಾರಿಯೂ ಬರುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ, 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನುವ ಡಾಕ್ಟರನ್ನು ಕಂಪನಿ ಸರ್ಕಾರ ಮೈಸೂರು ಸೀಮೆ ನೋಡಿ ಬರೆದುಕೊಂಡು ಬಾ ಅಂತ ಕಳಿಸಿತು. ಅವನು ಕೋಲಾರಕ್ಕೆ ಬಂದ. ಚಿಕ್ಕಬಳ್ಳಾಪುರ, ಮಧುಗಿರಿ, ಶಿರಾ ಎಲ್ಲಾ ಸುತ್ತಿದ. ಏನು ಬೆಳೆಯುತ್ತೀರಿ, ಅದಕ್ಕೆ ಏನಂತೀರಿ ಅಂತ ಕೇಳಿ ಕೇಳಿ ಬರೆದುಕೊಂಡ. ಮುಂದೆ ಬಂಗಾಳದಲ್ಲಿ ಅದೇ ಅಭ್ಯಾಸದಲ್ಲಿ ಮೀನುಗಾರರನ್ನು ಕೇಳಿದ. ಗಂಗಾ ನದಿಯ ಮೀನುಗಳ ಬಗ್ಗೆ 1822ರಲ್ಲಿ ಪುಸ್ತಕ ಬಂದಾಗ ಅವನ ಹೆಸರು ಹ್ಯಾಮಿಲ್ಟನ್ ಅಂತ ಆಗಿತ್ತು. ಮೀನುಗಳಿಗೆ ಅವನು ಇಟ್ಟ ಲ್ಯಾಟಿನ್ ಹೆಸರು ನೋಡಿ: ರೋಹಿಟಾ, ಕಾಟ್ಲಾ, ಮೃಗಾಲಾ. ಎಲ್ಲಾ ಅಲ್ಲಿನ ಜನ ಬಾಯಲ್ಲಿ ಆಡುತ್ತಿದ್ದ ಹೆಸರು. ಅದಕ್ಕೂ ಮುಂಚೆ ಪ್ಯಾಟ್ರಿಕ್ ರಸೆಲ್ ಅನ್ನುವ ಡಾಕ್ಟರ್ ವಿಶಾಖಪಟ್ಟಣದಲ್ಲಿ ಬರೆದುಕೊಂಡು 1803ರ ಪುಸ್ತಕದಲ್ಲಿ ಕೊಟ್ಟ ತೆಲುಗು ಹೆಸರೊಂದು ಇವತ್ತಿಗೂ ಬಂಗುಡೆಯ ವೈಜ್ಞಾನಿಕ ಹೆಸರಿನಲ್ಲಿ ಇದೆ, ರಾಸ್ಟ್ರೆಲಿಜರ್ ಕಾನಗುರ್ತಾ. ನಮ್ಮ ಅಜ್ಜಿಯರ ಭಾಷೆಯ ಪದ ಅದು.

ವಿಜ್ಞಾನದ ಹೆಸರು ಅಂದರೆ ಒಮ್ಮೆ ಇಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಕಾಟ್ಲಾ ಮೊದಲು ಸಿಪ್ರಿನಸ್ ಕಾಟ್ಲಾ ಆಗಿತ್ತು. ನಾನು ಓದುವಾಗ ಕಾಟ್ಲಾ ಕಾಟ್ಲಾ. ನಡುವೆ ಜಿಬೇಲಿಯನ್ ಕಾಟ್ಲಾ. ಈಗ ಲೇಬಿಯೋ ಕಾಟ್ಲಾ. ಪಂಡಿತರ ಪದ ಮೂರು ಸಲ ಬದಲಾಯಿತು. ಬಂಗಾಳದ ಮೀನುಗಾರ ಹೇಳಿದ ಪದ ಒಮ್ಮೆಯೂ ಬದಲಾಗಲಿಲ್ಲ. ಊರಿನ ಹೆಸರಿನ ಮೇಲೆ ನನಗೆ ಇಷ್ಟು ಗೌರವ ಇರುವುದು ಇದಕ್ಕೇ.

ಈ ಮೂರು ಮೀನು ಹರಿಯುವ ನದಿಯವು. ನಮ್ಮ ಕೆರೆಯ ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ರಸದ ಇಂಜೆಕ್ಷನ್ ಕೊಟ್ಟು ಮೊಟ್ಟೆ ಇಡಿಸಿದ ಮೇಲೆ ಮರಿ ಎಲ್ಲೆಡೆ ಸಿಗುವ ಹಾಗಾಯಿತು. ಮರಿಯ ಜೊತೆ ಹೆಸರೂ ದಕ್ಷಿಣಕ್ಕೆ ಬಂದವು. ನಮ್ಮ ಗಡಿ ಭಾಗದಲ್ಲಿ ತೆಲುಗಿನವರು ಕಾಟ್ಲಾಗೆ ಬೊಚ್ಚೆ ಅಂತಾರೆ, ರೋಹುಗೆ ಶೀಲಾವತಿ ಅಂತಾರೆ, ಕಾಮನ್ ಕಾರ್ಪ್‌ಗೆ ಬಂಗಾರು ತೀಗ. ಶೀಲಾವತಿ ಬೇಕು ಅಂತ ಕೇಳಿ ಬಂದವರಿಗೆ ರೋಹು ತೋರಿಸಿದರೆ ಬೇಡ ಅಂತ ಹೋಗುವುದನ್ನು ನಾನೇ ನೋಡಿದ್ದೇನೆ.

ಈಗ ಸ್ವಲ್ಪ ಗಂಭೀರವಾದ ಹೆಸರು. ಕ್ಯಾಟ್‌ಫಿಶ್. ಇದು ಒಂದು ಮೀನಿನ ಹೆಸರೇ ಅಲ್ಲ. ಮೀಸೆ ಇರುವ ದೊಡ್ಡ ಬಳಗದ ಹೆಸರು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ಕೇಂದ್ರ ಸರ್ಕಾರ 2000ದಲ್ಲಿ ನಿಷೇಧ ಹೇರಿತು. ಕಾರಣ ಇದೆ. ಅದು ಒಂದು ಮೀಟರ್ ಮೀರಿ ಬೆಳೆಯುತ್ತದೆ, ಸಿಕ್ಕಿದ್ದೆಲ್ಲ ತಿನ್ನುತ್ತದೆ, ಕೊಳದಿಂದ ತಪ್ಪಿಸಿಕೊಂಡು ಕೆರೆಗೆ ಸೇರಿದರೆ ಅಲ್ಲಿನ ಮೀನು ಉಳಿಯುವುದಿಲ್ಲ. ಕೆಲವು ಕಡೆ ಅದಕ್ಕೆ ಕೋಳಿ ತ್ಯಾಜ್ಯ ಹಾಕಿ ಬೆಳೆಸುತ್ತಾರೆ, ನೀರು ನಾರುತ್ತದೆ. ಈ ಮೀನನ್ನು ಮಾರುವಾಗ ‘ಥಾಯ್ ಮಾಗುರ್’ ಅನ್ನುತ್ತಾರೆ. ಮಾಗುರ್ ಅನ್ನುವುದು ನಮ್ಮ ದೇಶದ ಒಳ್ಳೆಯ ಮೀನಿನ ಹೆಸರು. ಆಫ್ರಿಕದ ಮೀನಿಗೆ ಥಾಯ್ಲೆಂಡಿನ ವಿಳಾಸ, ಭಾರತದ ಹೆಸರು. ಹೀಗೆ ಆದಾಗ ಊರಿನ ಮಾಗುರ್ ತಂದು ಮಾರುವವರ ಮೇಲೂ ಅನುಮಾನ ಬೀಳುತ್ತದೆ.

‘ಕ್ಯಾಟ್‌ಫಿಶ್ ನಿಷೇಧ’ ಅಂತ ಪೇಪರ್‌ನಲ್ಲಿ ಓದಿದ ಜನ ಮೀಸೆ ಕಂಡರೆ ಸಾಕು, ಬೇಡ ಅನ್ನುತ್ತಾರೆ. ನಮ್ಮ ಚೇಳು ಮೀನು ಬೇಡ. ಬಾಳೆ ಮೀನು ಬೇಡ. ಬಾಳೆ ಮೀನಿಗೂ ಬಾಳೆಹಣ್ಣಿಗೂ ಸಂಬಂಧ ಇಲ್ಲ, ತಮಿಳಿನವರ ವಾಳೈ ಅದು. ಅದೇ ಜನ ಹೋಟೆಲಿನಲ್ಲಿ ‘ಬಾಸಾ’ ಅಂತ ಬಿಳಿ ತುಂಡು ಬಂದರೆ ಖುಷಿಯಾಗಿ ತಿನ್ನುತ್ತಾರೆ. ಬಾಸಾ ಅಂತ ಇಲ್ಲಿ ಬರುವುದು ಸಾಮಾನ್ಯವಾಗಿ ಪಂಗಾಸ್. ಅದೂ ಮೀಸೆಯ ಬಳಗದ್ದೇ, ಸಾಕುವುದಕ್ಕೆ ಅನುಮತಿ ಇರುವ ಮೀನು. ತುಂಡು ಮಾಡಿದ ಮೇಲೆ ಮೀಸೆ ಕಾಣುವುದಿಲ್ಲ, ಅಷ್ಟೇ. ನನ್ನ ವಿನಂತಿ ಪೇಪರ್‌ನವರಿಗೂ ಇದೆ: ‘ಆಫ್ರಿಕನ್’ ಅನ್ನುವ ಒಂದು ಪದ ತಲೆಬರಹದಲ್ಲಿ ಇರಲಿ. ಅದಿಲ್ಲದೆ ಬಡ ಮೀನುಗಾರನ ಬುಟ್ಟಿ ಸಂಜೆವರೆಗೂ ಹಾಗೇ ಉಳಿಯುತ್ತದೆ.

ಹೆಸರಿಗಾಗಿ ದೇಶ ದೇಶಗಳೇ ಜಗಳವಾಡಿವೆ. ಯುರೋಪಿನವರು ತಮ್ಮ ಸಮುದ್ರದ ಮೀನನ್ನು ಮಾತ್ರ ಸಾರ್ಡೀನ್ ಅನ್ನಬೇಕು ಅಂದರು. ಪೆರು ದೇಶದವರು ನಮ್ಮದೂ ಸಾರ್ಡೀನೇ ಅಂದರು. ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಹೋಗಿ 2002ರಲ್ಲಿ ಪೆರು ಗೆದ್ದಿತು. ಅದೇ ಯುರೋಪ್ ಒಕ್ಕೂಟದ 2013ರ ನಿಯಮದ ಪ್ರಕಾರ ಮೀನು ಮಾರುವಾಗ ವ್ಯಾಪಾರದ ಹೆಸರಿನ ಜೊತೆ ವೈಜ್ಞಾನಿಕ ಹೆಸರನ್ನೂ ಕೊಡಬೇಕು. ನಮ್ಮ ಭಾನುವಾರದ ಅಂಗಡಿಯ ಹುಡುಗ ಲ್ಯಾಟಿನ್ ಬರೆಯಲಿ ಅಂತ ನಾನು ಕೇಳುವುದಿಲ್ಲ. ರಟ್ಟಿನ ಮೇಲೆ ಎರಡು ಹೆಸರು ಬರೆಯಲಿ, ಸಾಕು. ‘ವಂಜರಂ, ಅಂಜಲ್.’ ‘ರೋಹು, ಶೀಲಾವತಿ.’ ‘ರೂಪ್‌ಚಂದ್, ಕೆರೆ ಮೀನು.’ ಕೊಳ್ಳುವ ನಾವು ಹೆಸರು ಕೇಳಿ ಸುಮ್ಮನಾಗದೆ, ಎಲ್ಲಿಂದ ಬಂತು ಅಂತಲೂ ಕೇಳೋಣ. ಇಡೀ ಮೀನು ನೋಡಿದ ಮೇಲೆ ಪೀಸು ಮಾಡಿಸೋಣ.

ಮನೆಯ ಹೆಸರನ್ನು ಮಾತ್ರ ಬಿಡಬೇಡಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಕೇರಳದ ಮೇಡಂ ಒಬ್ಬರು ಇದ್ದರು. ಒಂದು ದಿನ ನಾನು, “ಇವತ್ತು ನಮ್ಮನೇಲಿ ಕರಿಮೀನು ಸಾರು” ಅಂದೆ. ಅವರ ಕಣ್ಣು ಅರಳಿತು. ಅವರ ಊರಿನಲ್ಲಿ ಕರಿಮೀನ್ ಅಂದರೆ ಹಿನ್ನೀರಿನ ಚುಕ್ಕೆ ಮೀನು, 2010ರಿಂದ ಕೇರಳದ ರಾಜ್ಯ ಮೀನು. ನಮ್ಮ ಕಡೆ ಕರಿಮೀನು ಅಂದರೆ ಉಪ್ಪು ಹಾಕಿ ಒಣಗಿಸಿದ ಮೀನು. ಊಟಕ್ಕೆ ಕರೆದೆ, ಬಂದರು. ಬದನೆಕಾಯಿ ಜೊತೆ ಒಣ ಮೀನು ಕುದಿಯುವ ವಾಸನೆ ಬಾಗಿಲಿಗೇ ಬಂತು. ಅವರು ನಿಂತು, “ಓ, ಇದು ನಮ್ಮ ಉಣಕ್ಕಮೀನ್!” ಅಂದರು. ಮುದ್ದೆ ಜೊತೆ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಅವರು ಊರಿಗೆ ಹೋದಾಗಲೆಲ್ಲ ನಮಗೆ ಅವರ ಕರಿಮೀನ್ ಪೊಳ್ಳಿಚದ್ದು ಕಟ್ಟಿಕೊಂಡು ಬರುತ್ತಿದ್ದರು. ಎರಡು ಹೆಸರೂ ಸರಿ. ಯಾರ ಮನೆಯದು ಅಂತ ಕೇಳಿದರೆ ಸಾಕು.

ಮಾತು ಮುಗಿದ ಮೇಲೆ ಹಾಳೆಗಳು ವಾಪಸ್ ಬಂದವು. ರಾತ್ರಿ ಮನೆಯಲ್ಲಿ ಕೂತು ಒಂದೊಂದೇ ನೋಡಿದೆ. ಎರಡನೇ ಚಿತ್ರ ಕೊರ್ರಮೀನಿನದು. ಕೊರ್ರಮೀನು, ಕೊರವ, ಕುಚ್ಚು, ವಿರಾಲು, ಮುರ್ರಲ್, ಐದು ಹೆಸರು ಬಂದಿದ್ದವು. ಒಂದು ಹಾಳೆಯಲ್ಲಿ ಮಾತ್ರ ಹೆಸರಿನ ಕೆಳಗೆ ಪೆನ್ಸಿಲ್‌ನಲ್ಲಿ ಇನ್ನೊಂದು ಮೀನು ಬರೆದಿದ್ದರು.

ಬಾಲದ ಬುಡದಲ್ಲಿ ದುಂಡಗೆ ಒಂದು ಕಪ್ಪು ಚುಕ್ಕೆ, ಸುತ್ತ ಉಂಗುರ. ಪಕ್ಕದಲ್ಲಿ ನಡುಗುವ ಅಕ್ಷರದಲ್ಲಿ, “ಸಾರ್, ನೀವು ಒಂದೇ ಅಂತ ಚಿತ್ರ ಹಾಕಿದ್ದೀರ. ಇದು ಬೇರೆ. ಇದಕ್ಕೆ ನಾವು ಹೂವಿನ ಮುರ್ರಲ್ ಅನ್ನುತ್ತಿದ್ದೆವು. ಇದು ಇನ್ನೂ ದೊಡ್ಡದಾಗುತ್ತೆ.” ಅವರು ಬರೆದದ್ದು ಸರಿ. ಅದು ಚನ್ನಾ ಮಾರುಲಿಯಸ್, ಹ್ಯಾಮಿಲ್ಟನ್ 1822ರಲ್ಲಿ ಹೆಸರಿಟ್ಟ ಮೀನು. ಮುಂದಿನ ಸಲದ ಹಾಳೆಯಲ್ಲಿ ಆರು ಚಿತ್ರ ಇರುತ್ತದೆ.